ನಾಗವೇಣಿಯ ಕೈಗುಣ

೨೦೦೩, ಜುಲೈ ಏಳು, ಸೋಮವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಇದು ಶುರುವಾದದ್ದು ಆವಾಗ. ಡೈರಿಯಲ್ಲಿ ಬರೆದಿಟ್ಟಿದ್ದೇನಾದ್ದರಿಂದ ತಾರೀಕಿನ ಬಗ್ಗೆ ನಿಮಗೆ ಸಂಶಯ ಬೇಡ. ಉಳಿದದ್ದರ ಬಗ್ಗೆ ಧಾರಾಳವಾಗಿ ಸಂಶಯಪಡಿ. ನಾನೂ ಪಟ್ಟವನೇ, ಪೂರ್ತಿ ಬಿಟ್ಟವನೂ ಅಲ್ಲ.

ಈಗ ಇದೆಲ್ಲ ನೆನಪಾಗಲು ಕಾರಣ ಹೊಸ ಡೈರಿ. ಮೊನ್ನೆ ಅದರ ಮೊದಲ ಪುಟ ಬಿಡಿಸಿ, ಮೇಲಿನ ಸಾಲನ್ನು ಖಾಲಿ ಬಿಟ್ಟು, ಎರಡನೇ ಸಾಲಿನಲ್ಲಿ ‘ಶ್ರೀ’ ಎಂದು ಬರೆದೆ. ಕೆಲವು ವರ್ಷಗಳಿಂದ ನನಗೆ ಇದೇ ಅಭ್ಯಾಸ. ಹಿಂದೆ ನಿಂತು ಬಟ್ಟೆ ಮಡಿಸುತ್ತಿದ್ದ ಅಮ್ಮ ನೋಡಿಬಿಟ್ಟಳು.

“ಎಂತಕ್ಕಾ ಗಜೂ, ಪ್ರತಿ ವರ್ಷ ಮೇಲಿನ ಸಾಲು ಖಾಲಿ ಬಿಡೂದು? ಅಲ್ಲಿ ಯಾರು ಬಂದು ಕೂತ್ಕಳೂಕಿದೆ?”

“ಯಾರೂ ಇಲ್ಲ. ಅಭ್ಯಾಸ.”

“ಯಾರೂ ಇಲ್ಲದೇ ಜಾಗ ಇಡ್ತಾರಾ? ಹುಡ್ಗಿ ಹೆಸರಾ?”

ಸಂಶಯ ನನಗೆ ಎಲ್ಲಿಂದ ಬಂತು ಎಂಬುದು ಇದರಿಂದ ನಿಮಗೆ ಗೊತ್ತಾಗಿರಬಹುದು. ಒಂದು ರೀತಿಯಲ್ಲಿ ನೋಡಿದರೆ ಅಮ್ಮನ ಊಹೆ ಪೂರ್ತಿ ತಪ್ಪೂ ಅಲ್ಲ. ಆ ಖಾಲಿ ಸಾಲಿನ ಹಿಂದೆ ಒಬ್ಬಳು ಹುಡುಗಿ ಇದ್ದಾಳೆ. ಆದರೆ ಅಮ್ಮ ಅಂದುಕೊಂಡ ರೀತಿಯಲ್ಲಿ ಅಲ್ಲ.

ಆಗ ನಾನು ಕುಮಟಾದಲ್ಲಿ ಪುಂಡಲೀಕ ಮಾಮನ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಮಾಮ ನನ್ನ ಸಂಬಂಧಿಕರಲ್ಲ. ಕೊಂಕಣಿ ಮನೆಮಾತಿನ ಹಿರಿಯರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ, ಅಷ್ಟೆ. ಬಸ್ ನಿಲ್ದಾಣದ ಹತ್ತಿರ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಕೇಂದ್ರ. ಮೊದಲು ಅದು ಟೈಪಿಂಗ್ ಕ್ಲಾಸಾಗಿತ್ತು. ಟೈಪ್‌ರೈಟರುಗಳು ಹೋಗಿ ಕಂಪ್ಯೂಟರುಗಳು ಬಂದಿದ್ದವು. ಆದರೆ ಚಪ್ಪಲಿ ಹೊರಗೆ, ಗೋಡೆಗೆ ಒರಗಬಾರದು, ಯಾವ ಹಾಳೆಯೇ ಆಗಲಿ ನೆತ್ತಿಯ ಮೇಲೆ ‘ಶ್ರೀ’ ಇಲ್ಲದೆ ಒಂದಕ್ಷರ ಕುಟ್ಟಬಾರದು ಎಂಬ ಮಾಮನ ನಿಯಮಗಳು ಹಳೆಯವೇ ಉಳಿದಿದ್ದವು. ಟೈಪಿಂಗ್ ಕಾಲದಲ್ಲಿ ಒಬ್ಬ ಹುಡುಗ ಶ್ರೀ ಬಿಟ್ಟು ಇಡೀ ಕರಾರುಪತ್ರ ಟೈಪ್ ಮಾಡಿದ್ದನಂತೆ. ಮಾಮ ಏನೂ ಬೈಯಲಿಲ್ಲವಂತೆ. ಹಾಳೆಗಳನ್ನು ಮಡಚಿ ಅವನ ಜೇಬಿಗಿಟ್ಟು, ಛತ್ರಿಯನ್ನು ಕೈಗೆ ಕೊಟ್ಟು, “ಆತು, ಇನ್ನು ಬರೂದು ಬೇಡ” ಎಂದರಂತೆ. ಕೇಂದ್ರಕ್ಕೆ ಹೊಸದಾಗಿ ಬಂದವರಿಗೆಲ್ಲ ಮಾಮ ಈ ಕತೆಯನ್ನು ನಗುತ್ತಲೇ ಹೇಳುತ್ತಿದ್ದರು. ಕೇಳಿದವರು ನಗುತ್ತಿರಲಿಲ್ಲ.

ಬೆಳಿಗ್ಗೆ ಸಂಜೆ ಕ್ಲಾಸು, ಮಧ್ಯಾಹ್ನ ಹೊರಗಿನ ಕೆಲಸ. ಅದರಲ್ಲಿ ಮುಖ್ಯವಾದದ್ದು ಒಂದು ಮಾಸಪತ್ರಿಕೆಯ ವಿಳಾಸದ ಚೀಟಿಗಳನ್ನು ಅಚ್ಚು ಹಾಕುವುದು. ಚಂದಾದಾರರ ವಿಳಾಸಗಳನ್ನೆಲ್ಲ ಅಂಚೆಕಚೇರಿಯ ಪ್ರಕಾರ ವಿಂಗಡಿಸಿ, ಭಟ್ಕಳದ್ದು ಭಟ್ಕಳದ ಜೊತೆ, ಹೊನ್ನಾವರದ್ದು ಹೊನ್ನಾವರದ ಜೊತೆ ಸಾಲಾಗಿ ಬರುವಂತೆ ಮಾಡಬೇಕು. ಈ ಕೆಲಸಕ್ಕೆ ಮಾಮನ ಅಕ್ಕನ ಮಗ ಸಂತೋಷ ಒಂದು ಪುಟ್ಟ ಸ್ಕ್ರಿಪ್ಟ್ ಬರೆದುಕೊಟ್ಟಿದ್ದ. ಅವನು ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ರಜೆಗೆ ಬಂದಾಗಲೆಲ್ಲ ನಮ್ಮ ಯಂತ್ರಗಳ ಹೊಟ್ಟೆ ಬಿಚ್ಚುತ್ತಿದ್ದ. ಅವನೇ ನಮ್ಮಲ್ಲಿ ಲಿನಕ್ಸ್ ಹಾಕಿದವನು. ಸ್ಕ್ರಿಪ್ಟ್ ಎಂದರೆ ಬೇರೇನಲ್ಲ, ಒಂದಾದ ಮೇಲೆ ಒಂದು ಮಾಡಬೇಕಾದ ಕೆಲಸಗಳನ್ನು ಸಾಲಾಗಿ ಬರೆದಿಟ್ಟ ಕಡತ. ಅದರ ಹೆಸರು ‘ವಿಳಾಸ’. ಕಪ್ಪು ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ವಿಳಾಸ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಮೂಲೆಯ ಪ್ರಿಂಟರು ಕಿರುಚಲು ಶುರುಮಾಡಬೇಕು.

ನಾವು ಒತ್ತಿದ ಹೆಸರನ್ನು ಕೇಳಿಸಿಕೊಂಡು, ಆ ಹೆಸರಿನವನನ್ನು ಹುಡುಕಿ ಕರೆತಂದು ಕೆಲಸಕ್ಕೆ ಹಚ್ಚುವ ದಲ್ಲಾಳಿಗೆ ಶೆಲ್ ಎಂದು ಹೆಸರು. ಎಲ್ಲ ದಲ್ಲಾಳಿಗಳ ಹಾಗೆ ಅವನ ಬಳಿಯೂ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿರುವ ಮನೆಗಳಲ್ಲಿ ಮಾತ್ರ, ಬರೆದ ಕ್ರಮದಲ್ಲೇ, ಒಂದೊಂದಾಗಿ ಹೋಗಿ ಕೇಳುತ್ತಾನೆ. ಎಲ್ಲೂ ಸಿಗದಿದ್ದರೆ ‘ಕಮಾಂಡ್ ನಾಟ್ ಫೌಂಡ್’ ಎಂದು ಹೇಳಿ ಕೈ ಕೊಡವುತ್ತಾನೆ. ವಿಚಿತ್ರವೆಂದರೆ, ನಾವು ಕೂತಿರುವ ಜಾಗವೇ ಆ ಪಟ್ಟಿಯಲ್ಲಿ ಇರುವುದಿಲ್ಲ. ಕಡತ ಕಣ್ಣೆದುರಿಗೇ ಬಿದ್ದಿದ್ದರೂ ಸಿಗಲಿಲ್ಲ ಎನ್ನುತ್ತಾನೆ. ಹೆಸರಿನ ಮುಂದೆ ಒಂದು ಚುಕ್ಕಿ, ಒಂದು ಓರೆಗೆರೆ ಹಾಕಿ ‘ಇಲ್ಲೇ ಇದ್ದಾನೆ ಮಾರಾಯಾ’ ಎಂದು ತೋರಿಸಬೇಕು.

ಮೊದಲ ಸಲ ಇದನ್ನು ಕಂಡಾಗ ಮಾಮನಿಗೆ ಕಂಪ್ಯೂಟರಿನ ಮೇಲೆ ನಂಬಿಕೆಯೇ ಹೋಯಿತು. ನನಗೆ ಮಾತ್ರ ಆಶ್ಚರ್ಯವಾಗಲಿಲ್ಲ. ಚಿಕ್ಕವನಿದ್ದಾಗ ಹೊನ್ನಾವರದ ನಮ್ಮ ಮನೆಯ ಬಾವಿಯ ಪಂಪು ಕೆಟ್ಟಿತ್ತು. ಅಪ್ಪ ನನ್ನನ್ನು ಕರೆದು, “ಪಂಪಿನ ತಿಮ್ಮಪ್ಪನ್ನ ಕರ್ಕಂಡು ಬಾ. ಮೊದ್ಲು ಚಾದಂಗಡೀಲಿ ನೋಡು, ಇಲ್ದಿದ್ರೆ ಸೈಕಲ್ ಅಂಗಡಿ, ಅಲ್ಲೂ ಇಲ್ದಿದ್ರೆ ಬಂದರು” ಎಂದು ಹೇಳಿ ಕಳಿಸಿದರು. ನಾನು ಹೇಳಿದ ಕ್ರಮದಲ್ಲೇ ಮೂರೂ ಕಡೆ ಹೋಗಿ, ಬೆವರು ಸುರಿಸಿಕೊಂಡು ಬಂದು, “ಸಿಗಲಿಲ್ಲ” ಎಂದು ವರದಿ ಒಪ್ಪಿಸಿದೆ. ತಿಮ್ಮಪ್ಪ ನಮ್ಮ ಹಿತ್ತಲಲ್ಲೇ ಪಂಪು ಬಿಚ್ಚಿ ಹಾಕಿಕೊಂಡು, ಬೀಡಿ ಸೇದುತ್ತ ಕೂತಿದ್ದ. ಹೊರಡುವಾಗ ಅವನ ಪಕ್ಕದಿಂದಲೇ ದಾಟಿ ಹೋಗಿದ್ದೆ. “ಇವ ಕಾಣ್ಲಿಲ್ವನಾ ನಿಂಗೆ?” ಎಂದು ಅಪ್ಪ ಕೂಗಾಡಿದರು. ಕಂಡಿದ್ದ. ಆದರೆ ಕೊಟ್ಟ ಪಟ್ಟಿಯಲ್ಲಿ ನಮ್ಮ ಹಿತ್ತಲು ಇರಲಿಲ್ಲವಲ್ಲ! ಶೆಲ್ಲಿನ ಸ್ವಭಾವ ನನಗೆ ಅರ್ಥವಾಗುವುದು ಹೀಗೆ. ನಾವಿಬ್ಬರೂ ಒಂದೇ ಜಾತಿ.

ಚುಕ್ಕಿ ಓರೆಗೆರೆಗಳ ರಗಳೆ ಬೇಡವೆಂದು ಸಂತೋಷ ವಿಳಾಸವನ್ನು ದಲ್ಲಾಳಿಯ ಪಟ್ಟಿಯಲ್ಲಿರುವ ಒಂದು ಸಾರ್ವಜನಿಕ ಕೋಣೆಗೆ ಸಾಗಿಸಿದ. ಯಾರು ಕರೆದರೂ ಸಿಗಬೇಕು, ಯಾರು ಬೇಕಾದರೂ ತಿದ್ದಬಹುದು ಎಂದು ಅನುಮತಿಯನ್ನೂ ಕೊಟ್ಟು ಬೆಳಗಾವಿಗೆ ಹೋದ. ಅವನು ಹೋದ ಮರುದಿನ ಮಾಮ ಕಡತವನ್ನು ತೆರೆಸಿ ನೋಡಿದರು. ಮುಖ ಬಾಡಿತು.

“ಮೇಲೆ ಶ್ರೀ ಎಲ್ಲಿ?”

“ಇದು ಹಾಳೆ ಅಲ್ಲ ಮಾಮ, ಸ್ಕ್ರಿಪ್ಟ್.”

“ಅದ್ರಲ್ಲಿ ಅಕ್ಷರ ಇದ್ಯೋ ಇಲ್ವೋ? ಅಕ್ಷರ ಇದ್ದಮೇಲೆ ಶ್ರೀ ಬೇಕು. ಹಾಕು.”

ಹಾಕಿದೆ. ಆ ಯಂತ್ರದಲ್ಲಿ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಿದೆ. ಓಡಿಸಿದರೆ ಚೀಟಿಗಳೇನೋ ಬಂದವು, ಆದರೆ ಮೊದಲಿಗೆ ತೆರೆಯ ಮೇಲೆ ‘ಶ್ರೀ: ಕಮಾಂಡ್ ನಾಟ್ ಫೌಂಡ್’ ಎಂದು ಮೂಡಿತು. ದಲ್ಲಾಳಿ ಅದನ್ನೂ ಯಾರದೋ ಹೆಸರೆಂದು ತಿಳಿದು ಹುಡುಕಲು ಹೋಗಿದ್ದ. ಮಾಮ ಕನ್ನಡಕ ಏರಿಸಿ ಓದಿದರು. “ಅರೇ ದೇವಾ! ಮಹಾಲಕ್ಷ್ಮಿಯೇ ಸಿಗಲಿಲ್ಲ ಹೇಳ್ತದಲ್ಲೋ ಇದು!”

ನನಗೆ ಇನ್ನೊಂದು ಘಟನೆ ನೆನಪಾಗಿ ನಗು ಬಂತು. ನಮ್ಮ ಮನೆಯಲ್ಲಿ ಸಾಮಾನಿನ ಚೀಟಿಗೂ ಶ್ರೀ ಹಾಕುವ ಪದ್ಧತಿ. ನಾನು ಮೊದಲ ಸಲ ಸ್ವಂತ ಅಕ್ಷರದಲ್ಲಿ ಬರೆದ ಚೀಟಿಯನ್ನು ಅಂಗಡಿಯವ ಗಂಭೀರವಾಗಿ ಓದಿ, “ತಮಾ, ಅಕ್ಕಿ ಐದು ಕಿಲೋ, ಬೆಲ್ಲ ಎರಡು ಕಿಲೋ ಬರದೀದೆ. ಶ್ರೀ ಎಷ್ಟು ಕಿಲೋ ಹೇಳಿ ಬರೀಲೇ ಇಲ್ವಲಾ?” ಎಂದಿದ್ದ. ಅರ್ಧ ಕಿಲೋ ಸಾಕು ಎಂದು ನಾನು ಉತ್ತರ ಕೊಟ್ಟಿದ್ದೆ. ಬಹಳ ದಿನ ಆ ಅಂಗಡಿಯಲ್ಲಿ ನನ್ನ ಹೆಸರು ಅರ್ಧ ಕಿಲೋ ಎಂದೇ ಆಗಿತ್ತು.

ಜೆರಾಕ್ಸ್ ಮಾಡಿಟ್ಟ ಕೈಪಿಡಿಯಲ್ಲಿ ಹುಡುಕಿ ಉಪಾಯ ಕಂಡುಕೊಂಡೆ. ಸಾಲಿನ ಮುಂದೆ ಹ್ಯಾಷ್ ಗುರುತು ಹಾಕಿದರೆ ಶೆಲ್ ಆ ಸಾಲನ್ನು ಓದದೆ ಮುಂದೆ ಹೋಗುತ್ತದೆ. ಹ್ಯಾಷ್ ಹಾಕಿ ಶ್ರೀ ಬರೆದೆ. ದೂರು ನಿಂತಿತು, ಚೀಟಿಗಳು ಬಂದವು, ಮಾಮ ತೃಪ್ತರಾದರು. ನಾನೂ ಆ ದಿನದ ಡೈರಿಯಲ್ಲಿ ‘ಶ್ರೀ ಸಮಸ್ಯೆ ಪರಿಹಾರ’ ಎಂದು ಬರೆದು ಅಡಿಗೆರೆ ಎಳೆದೆ. ಆ ಅಡಿಗೆರೆಯನ್ನು ಈಗ ನೋಡಿದರೆ ಬಹಳ ದಪ್ಪಗಿದೆ.

ಮೇ ತಿಂಗಳಲ್ಲಿ ನಾಗವೇಣಿ ಬಂದಳು. ಮಾವಿನಕುರ್ವೆಯವಳು. ಅಲ್ಲಿಂದ ಹೊನ್ನಾವರಕ್ಕೆ ಬಂದು ನಾನು ಹತ್ತುವ ಬಸ್ಸನ್ನೇ ಹತ್ತುತ್ತಿದ್ದಳು. ಭಟ್ಕಳದಲ್ಲಿ ಕೇಂದ್ರದ ಶಾಖೆ ತೆರೆಯುವುದೆಂದೂ ನಾನು ಅಲ್ಲಿಗೆ ಕಲಿಸಲು ಹೋಗುವುದೆಂದೂ ಆಗಿತ್ತು. ಹೋಗುವ ಮುಂಚೆ ವಿಳಾಸದ ಕೆಲಸವನ್ನು ಅವಳ ಕೈಗೆ ಒಪ್ಪಿಸಬೇಕು. ಸಂತೋಷ ಅದೇ ರಜೆಯಲ್ಲಿ ಬಂದು, ತನ್ನ ಖಾತೆಯದೇ ನಕಲು ಮಾಡಿ ಅವಳಿಗೂ ಕಂಪ್ಯೂಟರಿನಲ್ಲಿ ಒಂದು ಖಾತೆ ತೆರೆದುಕೊಟ್ಟು ಹೋದ.

ಜುಲೈ ಏಳರ ಸೋಮವಾರ, ಮೊದಲೇ ಹೇಳಿದ ಆ ಗಳಿಗೆಯಲ್ಲಿ, ನಾಗವೇಣಿ ತನ್ನ ಖಾತೆಯಲ್ಲಿ ಕೂತು ಮೊದಲ ಸಲ ವಿಳಾಸ ಎಂದು ಒತ್ತಿದಳು. ಪ್ರಿಂಟರು ಅಲ್ಲಾಡಲಿಲ್ಲ. ತೆರೆಯ ಮೇಲೆ ‘ಫಾರ್: ಕಮಾಂಡ್ ನಾಟ್ ಫೌಂಡ್’, ‘ಡೂ: ಕಮಾಂಡ್ ನಾಟ್ ಫೌಂಡ್’ ಎಂದು ದೂರುಗಳು ಉದುರಿದವು. ನಾನು ಎದ್ದು ನನ್ನ ಯಂತ್ರದಲ್ಲಿ ನನ್ನ ಖಾತೆಯಿಂದ ಅದನ್ನೇ ಒತ್ತಿದೆ. ಚೀಟಿಗಳು ಸರಸರ ಬಂದವು. ಅವಳು ಮತ್ತೆ ಒತ್ತಿದಳು. ಇಲ್ಲ. ನಾನು ಒತ್ತಿದೆ. ಬಂತು.

ಮಾಮ ತಮ್ಮ ಕುರ್ಚಿಯಿಂದಲೇ “ಕಸಲೆ ಜಾಲ್ಲೆ?” ಎಂದು ಕೇಳಿದರು. ಏನಾಯಿತೆಂದು ಹೇಳಿದೆ. ಅವರು ನಾಗವೇಣಿಯ ಕೈಗಳನ್ನು ನೋಡಿ ನಿಟ್ಟುಸಿರು ಬಿಟ್ಟರು. “ಕೈಗುಣ. ಕೆಲವರು ನೆಟ್ಟ ಬಳ್ಳಿ ಹಬ್ಬೂದಿಲ್ಲ ನೋಡು, ಹಂಗೆ.”

ನಾನು ವಿಜ್ಞಾನ ಓದಿದವನು, ಕೈಗುಣವನ್ನು ನಂಬುವುದಿಲ್ಲ. ಡೈರಿಯಲ್ಲಿ ಎರಡು ಕಾಲಂ ಮಾಡಿದೆ, ಗಜಾನನ ಮತ್ತು ನಾಗವೇಣಿ. ಓಡಿದರೆ ಗೀಟು, ಓಡದಿದ್ದರೆ ಸೊನ್ನೆ. ಎರಡು ದಿನದಲ್ಲಿ ನನ್ನ ಕಾಲಂ ತುಂಬ ಗೀಟುಗಳು, ಅವಳದರ ತುಂಬ ಸೊನ್ನೆಗಳು. ಇಷ್ಟು ಶಿಸ್ತಾಗಿ ಲೆಕ್ಕ ಇಟ್ಟು ನಾನು ಸಾಬೀತು ಮಾಡಿದ್ದು ಮಾಮ ಕುರ್ಚಿಯಿಂದ ಏಳದೆ ಹೇಳಿದ್ದನ್ನೇ.

ದೂರು ‘ನಾಟ್ ಫೌಂಡ್’ ಎಂದು ಇತ್ತಲ್ಲ, ಹಾಗಾಗಿ ನಾನು ದಲ್ಲಾಳಿಯ ಪಟ್ಟಿಯ ಹಿಂದೆ ಬಿದ್ದೆ. ಅವಳ ಪಟ್ಟಿ, ನನ್ನ ಪಟ್ಟಿ ಎರಡನ್ನೂ ಅಚ್ಚು ಹಾಕಿ ಪಕ್ಕ ಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಅದೇ ಮನೆಗಳು, ಅದೇ ಕ್ರಮ. ಅದೇ ಹೆಸರಿನ ಇನ್ನೊಂದು ಕಡತ ಎಲ್ಲಾದರೂ ಅಡಗಿ ಕೂತಿದೆಯೋ ಎಂದು ಹುಡುಕಿದೆ. ಇರಲಿಲ್ಲ. ಅನುಮತಿಗಳನ್ನು ನೋಡಿದೆ. ಸರಿಯಾಗಿದ್ದವು. ಯಂತ್ರದಲ್ಲಿ ದೋಷವಿಲ್ಲವೆಂದ ಮೇಲೆ ಉಳಿದದ್ದು ಮನುಷ್ಯರು. ಇವಳು ಏನೋ ಮಾಡುತ್ತಿದ್ದಾಳೆ ಎಂಬ ಗುಮಾನಿ ನನಗೆ ಶುರುವಾಯಿತು. ನಾನು ಎದ್ದು ಬಂದಾಗ ತಕ್ಷಣ ತೆರೆ ಬದಲಿಸುತ್ತಾಳೆಯೇ? ಮಧ್ಯಾಹ್ನ ಊಟದ ಡಬ್ಬಿಯ ಪಕ್ಕ ಆ ಜೆರಾಕ್ಸ್ ಕೈಪಿಡಿ ಯಾಕೆ? ಭಟ್ಕಳಕ್ಕೆ ನನ್ನ ಬದಲು ತಾನೇ ಹೋಗುವ ಆಸೆಯೇ?

ಬಸ್ಸಿನಲ್ಲಿ ಒಂದು ಸಂಜೆ ಅವಳೇ ಮಾತು ತೆಗೆದಳು.

“ಗಜಣ್ಣ, ಒಂದು ಮಾತು ಕೇಳ್ತೆ, ಸಿಟ್ಟು ಮಾಡ್ಬಾರ್ದು. ನೀವೇ ಎಂತಾದ್ರೂ ಮಾಡಿಟ್ಟೀರಾ ಅದ್ಕೆ?”

“ನಾನಾ? ನಾನೆಂತಕ್ಕೆ ಮಾಡ್ಲಿ?”

“ನೀವಿಲ್ದೇ ನಡೆಯೂದಿಲ್ಲ ಹೇಳಿ ಮಾಮಂಗೆ ತೋರ್ಸೂಕೆ.”

ಅವಳೂ ನನ್ನ ಮೇಲೆ ಗುಮಾನಿ ಇಟ್ಟಿದ್ದಾಳೆ ಎಂದು ತಿಳಿದು ನನಗೆ ಎಷ್ಟು ಅವಮಾನವಾಯಿತೋ ಅಷ್ಟೇ ಸಮಾಧಾನವೂ ಆಯಿತು. ನಾನು ಆಣೆ ಹಾಕಿದೆ. ಅವಳು ಕಿಟಕಿಯ ಕಡೆ ತಿರುಗಿದಳು.

“ಈ ತಿಂಗಳ ಲೇಬಲ್ ನನ್ನ ಕೈಯಿಂದ ಬರ್ಲಿಲ್ಲ ಅಂದ್ರೆ ಬರೂದು ಬೇಡ ಹೇಳೀರು ಮಾಮ. ಹದಿನೆಂಟಕ್ಕೆ ಅಂಚೆಗೆ ಹಾಕೂದು. ಆಮೇಲೆ ನಾನೂ ಸಿಗಡಿ ಸುಲಿಯೂ ಶೆಡ್ಡಿಗೆ ಹೋಗೂದೇಯ. ಅಕ್ಕ ಅಲ್ಲೇ ಹೋಗೂದು. ಐಸ್‌ನಲ್ಲಿ ಕೈ ಹಾಕಿ ಹಾಕಿ ಅದ್ರ ಬೆರಳು ಹೆಂಗಾಗೀದೆ ಗೊತ್ತೀದ್ಯಾ? ಬಳೆ ಹಾಕೂಕೆ ಬರೂದಿಲ್ಲ, ಅಷ್ಟು ಬಾತೀದೆ. ಅಕ್ಕಂಗೆ ಕೈಗುಣ ಚೊಲೊ ಇದೆಯಂತೆ. ಶೆಡ್ಡಿನವ್ರು ಹೊಗಳ್ತ್ರು.”

ಆ ಸಂಜೆ ಡೈರಿಯಲ್ಲಿ ‘ನಾಗವೇಣಿ ಬಸ್ಸಿನಲ್ಲಿ ಅಕ್ಕನ ವಿಷಯ ಹೇಳಿದಳು. ಕನಿಕರ ಹುಟ್ಟಿಸಲು ಇರಬಹುದೇ?’ ಎಂದು ಬರೆದೆ. ಈ ವಾಕ್ಯವನ್ನು ನಕಲು ಮಾಡುವಾಗ ಕೈ ಹಿಂಜರಿಯಿತು. ಆದರೂ ಇದ್ದದ್ದು ಇದ್ದ ಹಾಗೆ ಇರಲಿ.

ಗುರುವಾರ ನಾನು ಅಂಚೆಕಚೇರಿಗೆ ಹೋಗಿದ್ದೆ. ವಾಪಸು ಬಂದು ಮೆಟ್ಟಿಲು ಹತ್ತುವಾಗಲೇ ಮಾಮನ ಧ್ವನಿ ಕೇಳಿಸಿತು. “ಬಂತಲ್ಲ! ಮತ್ತೊಂದ್ಸಲ ಓಡ್ಸು, ನಾನೇ ನೋಡ್ತೆ.” ನಾಗವೇಣಿಯ ಕೈಯಿಂದ ಚೀಟಿಗಳು ಬಂದಿದ್ದವು! ಹಿಂದಿನ ತಿಂಗಳ ವಿಳಾಸಗಳನ್ನು ಹಾಕಿ ಅಭ್ಯಾಸ ಮಾಡುತ್ತಿದ್ದಳಂತೆ. ಪ್ರಿಂಟರು ಕಿರುಚಿದ್ದು ಕೇಳಿ ಮಾಮ ಎದ್ದು ಬಂದಿದ್ದರು. ಹಾಳೆ ಪ್ರಿಂಟರಿನಲ್ಲೇ ನೇತಾಡುತ್ತಿತ್ತು. ವಿಳಾಸಗಳೆಲ್ಲ ಅಚ್ಚುಕಟ್ಟಾಗಿ ಇದ್ದವು. ಅವಳ ಮುಖದಲ್ಲಿ ಮಾತ್ರ ಖುಷಿಯಿರಲಿಲ್ಲ. ಮಾಮನ ಎದುರಿಗೆ ಮತ್ತೊಮ್ಮೆ ಒತ್ತಿದಳು. ‘ಫಾರ್: ಕಮಾಂಡ್ ನಾಟ್ ಫೌಂಡ್.’

“ಆತು” ಎಂದು ಮಾಮ ಕುರ್ಚಿಗೆ ಮರಳಿದರು.

ಅವರು ಊಟಕ್ಕೆ ಹೋದ ಮೇಲೆ ನಾನು ವಿಳಾಸ ಕಡತವನ್ನು ಪರೀಕ್ಷಿಸಿದೆ. ಯಾವುದೇ ಕಡತವನ್ನು ಕೊನೆಯ ಸಲ ಯಾವಾಗ ತಿದ್ದಲಾಯಿತು ಎಂಬುದನ್ನು ಯಂತ್ರ ತಾನೇ ಬರೆದಿಡುತ್ತದೆ. ನನ್ನ ಹಾಗೆ. ಆ ಗಳಿಗೆ ಇವತ್ತಿನದೇ! ನಾನು ಅಂಚೆಕಚೇರಿಯ ಸಾಲಿನಲ್ಲಿ ನಿಂತಿದ್ದ ಹೊತ್ತು. ಫ್ಲಾಪಿಯಲ್ಲಿ ಇಟ್ಟಿದ್ದ ನನ್ನ ಪ್ರತಿಯನ್ನು ತಂದು ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ಒಂದು ಚುಕ್ಕಿಯೂ ಬದಲಾಗಿರಲಿಲ್ಲ.

ಕೈ ಹಚ್ಚಿದ್ದಾಳೆ, ಆದರೆ ಏನೂ ಬದಲಾಗಿಲ್ಲ. ಕಳ್ಳ ಮನೆಗೆ ನುಗ್ಗಿ ಏನನ್ನೂ ಒಯ್ಯದೆ ಹೋದರೆ ನಮಗೆ ಹೆಚ್ಚು ಭಯವಾಗುತ್ತದಲ್ಲ, ಹಾಗಾಯಿತು. ಕೇಳಿದರೆ, “ಸುಮ್ನೆ ತೆಗೆದು ನೋಡ್ದೆ” ಎಂದಳು. ಸುಮ್ಮನೆ ನೋಡಿದರೆ ಆ ಗಳಿಗೆ ಬದಲಾಗುವುದಿಲ್ಲ. ಅವಳ ಕಾಲಂನಲ್ಲಿ ಆ ದಿನಕ್ಕೆ ಗೀಟು ಹಾಕಬೇಕೋ ಸೊನ್ನೆ ಹಾಕಬೇಕೋ ತಿಳಿಯದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಹದಿನಾರು, ಬುಧವಾರ. ಅಂಚೆಗೆ ಹಾಕಲು ಎರಡು ದಿನ ಉಳಿದಿತ್ತು. ನಾಗವೇಣಿ ತನ್ನ ಕುರ್ಚಿಯಿಂದ ಎದ್ದು ನಿಂತಳು.

“ಗಜಣ್ಣ, ನೀವು ಇಲ್ಲಿ ನನ್ನ ಖಾತೆಯಲ್ಲಿ ಕೂತು ಒತ್ತಿ. ನಾನು ನಿಮ್ಮದ್ರಲ್ಲಿ ಒತ್ತಿ ನೋಡ್ತೆ. ಕೈ ಯಾರದ್ದು ಹಾಳು ಹೇಳಿ ಒಮ್ಮೆ ಗೊತ್ತಾಗ್ಲಿ.”

ಇಷ್ಟು ಸರಳ ಪರೀಕ್ಷೆ ಎರಡು ಕಾಲಂಗಳ ಪಂಡಿತನಿಗೆ ಹೊಳೆದಿರಲಿಲ್ಲ. ಅವಳ ಖಾತೆಯಲ್ಲಿ ಕೂತು ನಾನು ಒತ್ತಿದೆ. ‘ಫಾರ್: ಕಮಾಂಡ್ ನಾಟ್ ಫೌಂಡ್.’ ನನ್ನ ಖಾತೆಯಲ್ಲಿ ಕೂತು ಅವಳು ಒತ್ತಿದಳು. ಪ್ರಿಂಟರು ಸಂಭ್ರಮದಿಂದ ಕಿರುಚಿತು.

“ನಿಮ್ಮ ಕೈಗುಣ ಸಾಲೂದಿಲ್ಲ ಕಾಣ್ತದೆ” ಎಂದಳು.

ತಪ್ಪು ಕೈಯದಲ್ಲ, ಖಾತೆಯದು. ನಾನು ಕೆಳಗಿಳಿದು ಎಸ್‌ಟಿಡಿ ಬೂತಿನಿಂದ ಸಂತೋಷನಿಗೆ ಫೋನ್ ಮಾಡಿದೆ. ಅವನು ಎಲ್ಲ ಕೇಳಿ, “ಹೌದಲ್ಲ, ಅವಳ ಖಾತೆ ನನ್ನದ್ರ ನಕಲು. ನನ್ನ ಶೆಲ್ ಬೇರೆ, ನಿನ್ನ ಶೆಲ್ ಬೇರೆ. ಎರಡಕ್ಕೂ ಭಾಷೆ ಸ್ವಲ್ಪ ಬೇರೆ” ಎಂದ. ದಲ್ಲಾಳಿಗಳು ಇಬ್ಬರು! ನನ್ನವನಿಗೆ ಗೊತ್ತಿದ್ದ ‘ಫಾರ್’ ಎಂಬ ಮಾತು ಅವಳವನಿಗೆ ಯಾರದೋ ಹೆಸರಿನಂತೆ ಕೇಳಿಸಿದೆ. ಅವನು ಆ ಹೆಸರಿನವನನ್ನು ಹುಡುಕಿ ಸುಸ್ತಾಗಿದ್ದಾನೆ.

“ಆದ್ರೆ ಅದ್ರಿಂದ ಎಂತದೂ ಆಗ್ಬಾರ್ದು” ಎಂದ ಸಂತೋಷ. “ಈ ಸ್ಕ್ರಿಪ್ಟನ್ನ ಯಾವ ಶೆಲ್ ಓದ್ಬೇಕು ಅಂತ ಅದ್ರಲ್ಲೇ ಬರ್ದಿದ್ದೆ. ಹ್ಯಾಷ್, ಆಶ್ಚರ್ಯಸೂಚಕ, ಆಮೇಲೆ ಶೆಲ್ಲಿನ ಹೆಸರು. ಯಾರು ಕರೆದ್ರೂ ಯಂತ್ರ ಅದನ್ನ ನೋಡಿ ಸರಿಯಾದವ್ನಿಗೇ ಕೊಡ್ತದೆ. ಮೊದಲ ಸಾಲಲ್ಲೇ ಇದೆ ನೋಡು.”

“ಮೊದಲ ಸಾಲಲ್ಲಿ ಶ್ರೀ ಇದೆ” ಎಂದೆ.

ಅತ್ತಲಿಂದ ಬೂತಿನವನಿಗೂ ಕೇಳುವಷ್ಟು ಜೋರಾಗಿ ನಗು ಬಂತು. ಆ ಸೂಚನೆ ಕಡತದ ಮೊಟ್ಟಮೊದಲ ಸಾಲಿನಲ್ಲಿ, ಮೊಟ್ಟಮೊದಲ ಅಕ್ಷರಗಳಾಗಿಯೇ ಇರಬೇಕಂತೆ. ಒಂದು ಸಾಲು ಕೆಳಗೆ ಇಳಿದರೆ ಯಂತ್ರ ಅದನ್ನು ತಿರುಗಿಯೂ ನೋಡುವುದಿಲ್ಲ. ಕರೆದ ಶೆಲ್ ತನ್ನದೇ ಭಾಷೆಯಲ್ಲಿ ಓದಿಕೊಂಡು ಹೋಗುತ್ತದೆ. ನನ್ನ ಶೆಲ್ ಅದೃಷ್ಟಕ್ಕೆ ಸರಿಯಾದದ್ದೇ ಆಗಿತ್ತು. ಇದೇ ನನ್ನ ಕೈಗುಣದ ಗುಟ್ಟು.

ಮೇಲೆ ಬಂದು ನಾಗವೇಣಿಗೆ ಹೇಳಿದೆ. ಅವಳು ಕಣ್ಣರಳಿಸಲಿಲ್ಲ, ಹೌದಾ ಎನ್ನಲೂ ಇಲ್ಲ. “ಮಾಮಂಗೆ ಹೇಳೂದು ಯಾರು?” ಎಂದಷ್ಟೇ ಕೇಳಿದಳು.

ಹೇಳಿದ್ದು ನಾನು. ಮಾಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಂದ್ರೆ? ಶ್ರೀ ತೆಗೀಬೇಕು ಹೇಳ್ತ್ಯಾ?”

“ತೆಗೆಯೂದಲ್ಲ ಮಾಮ, ಒಂದು ಸಾಲು ಕೆಳಗೆ...”

“ಕೆಳಗೆ! ಶ್ರೀಯ ನೆತ್ತಿ ಮೇಲೆ ಹ್ಯಾಷು, ಆಶ್ಚರ್ಯಸೂಚಕ! ನಮ್ಮ ಅಜ್ಜನ ಕಾಲದಿಂದ ಇಲ್ಲದ್ದು ಈಗ ಯಂತ್ರ ಕೇಳ್ತು ಹೇಳಿ ಮಾಡೂದಾ?”

ಆಗ ನಾಗವೇಣಿ, ಯಾರದೋ ಮನೆಯ ವಿಷಯ ಮಾತಾಡುವವಳಂತೆ, ಪ್ರಿಂಟರಿಗೆ ಹಾಳೆ ಸಿಕ್ಕಿಸುತ್ತಲೇ ಹೇಳಿದಳು:

“ಮಾಮ, ದೇವಸ್ಥಾನಕ್ಕೆ ಹೋದ್ರೆ ನಮ್ಗೆ ಮೊದ್ಲು ಕಾಣೂದು ಯಾರು? ಬಾಗ್ಲಲ್ಲಿ ನಿಂತ ದ್ವಾರಪಾಲಕರಲ್ಲಾ? ಅವ್ರು ದೇವ್ರಿಗಿಂತ ಮುಂದೆ ನಿಂತೀರು ಹೇಳಿ ದೇವ್ರಿಗಿಂತ ದೊಡ್ಡವ್ರಾದ್ರಾ? ಮೇಲಿನ ಸಾಲು ಬಾಗ್ಲು ಕಾಯೂವವ್ನಿಗೆ. ಬಂದವ್ರು ಯಾರು, ಎಲ್ಲಿ ಹೋಗ್ಬೇಕು ಹೇಳಿ ಅವ ನೋಡ್ತ. ಶ್ರೀ ಒಳಗೆ ಕೂತಿರ್ತದೆ.”

ಕೆಳಗೆ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಮಾಮ ಎದ್ದು, ಕೈ ತೊಳೆದು ಬಂದು, “ಹಾಗಾದ್ರೆ ಆತು. ಅವಳೇ ಮಾಡ್ಲಿ” ಎಂದರು. ನಾಗವೇಣಿ ಎರಡು ಸಾಲುಗಳನ್ನು ಅದಲು ಬದಲು ಮಾಡಿದಳು. ಅವಳ ಬೆರಳುಗಳು ಒಮ್ಮೆಯೂ ತಡವರಿಸಲಿಲ್ಲ. ವಿಳಾಸ ಎಂದು ಒತ್ತಿದಳು. ಪ್ರಿಂಟರು ಕಿರುಚಿದ್ದಕ್ಕೆ ಮಾಮ ಯಾವತ್ತೂ ಇಲ್ಲದಂತೆ ಕೈ ಮುಗಿದರು. ಹದಿನೆಂಟರಂದು ಪತ್ರಿಕೆಗಳು ಅಂಚೆಗೆ ಹೋದವು. ನಾಗವೇಣಿಯ ಕೆಲಸ ಉಳಿಯಿತು. ನಾನು ಭಟ್ಕಳಕ್ಕೆ ಹೋದೆ.

ಇಲ್ಲಿಗೆ ಮುಗಿಯಬೇಕಿತ್ತು. ನನ್ನ ಗುಮಾನಿಯ ಕಡತ ಮಾತ್ರ ಮುಚ್ಚಲಿಲ್ಲ. ಗುರುವಾರದ ಪ್ರಶ್ನಾರ್ಥಕ ಚಿಹ್ನೆ ಹಾಗೇ ಇತ್ತು. ಅವಳ ಶೆಲ್ಲಿಗೆ ಭಾಷೆ ಬಾರದೆಂದಾದರೆ ಆ ದಿನ ಒಂದೇ ಒಂದು ಸಲ ಓಡಿದ್ದು ಹೇಗೆ?

ಭಟ್ಕಳದ ಶಾಖೆಯಲ್ಲಿ ಮೊದಲ ವರ್ಷ ರುಕ್ಸಾನಾ ಎಂಬ ಹುಡುಗಿ ಇದ್ದಳು. ಮನೆಯಲ್ಲಿ ನವಾಯತಿ, ನಮ್ಮೊಂದಿಗೆ ಕನ್ನಡ, ಕಂಪ್ಯೂಟರಿನೊಂದಿಗೆ ಬೈಗುಳ. ಒಂದು ದಿನ ಅವಳ ಸ್ಕ್ರಿಪ್ಟು ಅದೇ ದೂರು ಹೇಳತೊಡಗಿತು. ನಾನು ಬಗ್ಗಿ ನೋಡಿದರೆ, ನೆತ್ತಿಯ ಸಾಲಿನಲ್ಲಿ ಹ್ಯಾಷ್ ಹಾಕಿ, ಅದರ ಮುಂದೆ ಬಿಸ್ಮಿಲ್ಲಾದ ಅಂಕಿ ೭೮೬ ಎಂದು ಬರೆದಿದ್ದಳು. ದ್ವಾರಪಾಲಕ ಎರಡನೇ ಸಾಲಿನಲ್ಲಿ ನಿಂತಿದ್ದ. ನನಗೆ ಬಂದ ನಗುವನ್ನು ಅವಳು ತಪ್ಪು ತಿಳಿಯಬಾರದೆಂದು ಮಾಮನ ಶ್ರೀಯ ಕತೆಯನ್ನು ಪೂರ್ತಿ ಹೇಳಿದೆ. ಅವಳೂ ನಕ್ಕಳು, ಆ ಸಾಲು ಅಳಿಸಿದಳು, ಸ್ಕ್ರಿಪ್ಟು ಓಡಿತು. ನಾನು ನೋಡಿ ಸರಿ ಎಂದು ಗುರುತು ಹಾಕಿಕೊಂಡೆ.

ಸಂಜೆ ಎಲ್ಲರ ಕಡತಗಳನ್ನು ಮತ್ತೊಮ್ಮೆ ಓಡಿಸುವಾಗ ಅವಳದು ಓಡಲಿಲ್ಲ. ತೆರೆದು ನೋಡಿದರೆ ೭೮೬ ಮತ್ತೆ ನೆತ್ತಿಯ ಮೇಲೇ ಇದೆ. ಮರುದಿನ ಕೇಳಿದೆ.

“ನಿನ್ನೆ ಅಳಿಸಿದ್ದೆಯಲ್ಲ?”

“ಹೌದು ಸರ್. ಓಡೂವರೆಗೆ ತೆಗೆದೆ. ಆಮೇಲೆ ಹಾಗೇ ಕೊಡೋಕೆ ಮನಸ್ಸು ಬರ್ಲಿಲ್ಲ. ಅಮ್ಮಿಗೆ ಗೊತ್ತಾದ್ರೆ ಅಂತ ಮತ್ತೆ ಇಟ್ಟೆ.”

ನಾನು ಬೋರ್ಡಿನ ಕಡೆ ತಿರುಗಿ ಅವಳ ಮಾತನ್ನು ಮನಸ್ಸಿನಲ್ಲೇ ಸಾಲಾಗಿಟ್ಟೆ. ತೆಗೆದದ್ದು, ಓಡಿಸಿದ್ದು, ಮತ್ತೆ ಇಟ್ಟದ್ದು. ಗಳಿಗೆ ಬದಲಾಗುತ್ತದೆ, ಅಕ್ಷರ ಒಂದೂ ಬದಲಾಗುವುದಿಲ್ಲ. ಆ ಗುರುವಾರ ಪ್ರಿಂಟರು ಕಿರುಚಿದ ಸದ್ದಿಗೆ ಮಾಮ ಕುರ್ಚಿಯಿಂದ ಏಳುವುದಕ್ಕೂ ನಾಗವೇಣಿಯ ಹಿಂದೆ ಬಂದು ನಿಲ್ಲುವುದಕ್ಕೂ ನಡುವೆ ಎಷ್ಟು ಹೊತ್ತು ಇದ್ದಿರಬಹುದು? ಛತ್ರಿ ಕೊಟ್ಟು ಕಳಿಸಿದ ಹುಡುಗನ ಕತೆಯನ್ನು ಅವಳೂ ಕೇಳಿದ್ದಳಲ್ಲ. ಕಾರಣ ಗೊತ್ತಿದ್ದೂ ಆರು ದಿನ ಎಲ್ಲರ ಎದುರು ಕೈಗುಣ ಕೆಟ್ಟವಳೆಂದು ಅನ್ನಿಸಿಕೊಂಡು ಕೂತಿದ್ದಳೇ? ದ್ವಾರಪಾಲಕರ ಮಾತು ಅಷ್ಟು ಸಲೀಸಾಗಿ ಬಂದದ್ದು ಆ ಆರು ದಿನ ಅದನ್ನೇ ಯೋಚಿಸುತ್ತ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿದ್ದರಿಂದಲೇ? ಕುರ್ಚಿ ಬದಲಿಸೋಣ ಎಂದದ್ದು, ಕಾರಣವನ್ನು ತಾನು ಹೇಳದೆ ನನ್ನ ಬಾಯಿಂದ ಹೇಳಿಸುವುದಕ್ಕೇ?

ಹೊನ್ನಾವರದ ಬಸ್ ನಿಲ್ದಾಣದಲ್ಲಿ ನಾಗವೇಣಿ ಸಿಕ್ಕಾಗಲೆಲ್ಲ ಕೇಳಿದ್ದೇನೆ. ಈಗ ಕುಮಟಾದ ಕೇಂದ್ರವನ್ನು ಅವಳೇ ನೋಡಿಕೊಳ್ಳುತ್ತಾಳೆ. ಅಕ್ಕನನ್ನು ಶೆಡ್ಡಿನಿಂದ ಬಿಡಿಸಿ ಜೆರಾಕ್ಸ್ ಯಂತ್ರದ ಮುಂದೆ ಕೂರಿಸಿದ್ದಾಳೆ. “ಗೊತ್ತಿಲ್ಲ ಮಾರಾಯ್ರೆ, ಅವತ್ತೊಂದು ದಿನ ನನ್ನ ಕೈಗುಣ ಚೊಲೊ ಇತ್ತೇನೋ” ಎಂದು ನಗುತ್ತಾಳೆ. ಆ ನಗುವನ್ನು ನಾನು ನಂಬುವುದಿಲ್ಲ.

ಆದ್ದರಿಂದ ಇದನ್ನು ಓದುವವರಲ್ಲಿ ಶೆಲ್ಲುಗಳ ಒಳಹೊರಗು ಬಲ್ಲವರಿದ್ದರೆ ಒಂದು ಕೋರಿಕೆ. ಮೊದಲ ಸಾಲಿನ ಮೇಲೆ ಬೇರೊಂದು ಸಾಲು ಕೂತಿದ್ದರೂ ಅಂಥ ಸ್ಕ್ರಿಪ್ಟು ಭಾಷೆ ಬಾರದ ಶೆಲ್ಲಿನಲ್ಲಿ ಒಮ್ಮೆ ಮಾತ್ರ ಓಡಿ, ಮರುಗಳಿಗೆಗೆ ಓಡದಿರಲು ಬೇರೆ ಯಾವುದಾದರೂ ಕಾರಣ ಇರಬಹುದೇ? ಗೊತ್ತಿದ್ದವರು ದಯವಿಟ್ಟು ನನಗೆ ಬರೆದು ತಿಳಿಸಿ. ಅಂಥ ಕಾರಣವೊಂದು ಸಿಕ್ಕರೆ ನನಗೆ ದೊಡ್ಡ ಉಪಕಾರ. ಸಿಗದಿದ್ದರೆ, ಆ ವರ್ಷದ ಡೈರಿ ತೆಗೆದು, ಗುರುವಾರದ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಿ ಅಲ್ಲೊಂದು ಗೀಟು ಹಾಕಬೇಕು. ಅವಳ ಉಳಿದ ಸೊನ್ನೆಗಳನ್ನು ಯಾರ ಕಾಲಂಗೆ ಸಾಗಿಸಬೇಕೆಂಬುದು ನನಗೆ ಗೊತ್ತಿದೆ.